ನಲ್ಲಿಮನೆ ಎಲ್ಲಿ ಮಾವ?

ಏಪ್ರಿಲ್ ಕೊನೆಯ ಒಂದು ಸಂಜೆ ಅಕ್ಕನ ಮಗ ಬೆಂಗಳೂರಿನಿಂದ ಫೋನ್ ಮಾಡಿದ. ಶುಕ್ರವಾರ ರಾತ್ರಿ ಹೆಂಡತಿಯ ಜೊತೆ ಹೊರಟು ಬರುತ್ತಾನಂತೆ, ಎರಡು ದಿನ ಇರುತ್ತಾರಂತೆ. ಬರುವವರಿಗೆ ಚೆನ್ನೈ ಬಿಸಿಲಿನ ಬಗ್ಗೆ ಎಚ್ಚರಿಕೆ ಕೊಡುವುದು ಇಲ್ಲಿರುವ ನಮ್ಮೆಲ್ಲರ ಕರ್ತವ್ಯ. ಕೊಟ್ಟೆ. ಅವನು ಅದನ್ನು ಕಿವಿಗೇ ಹಾಕಿಕೊಳ್ಳದೆ, "ಮಾವ, ನಿಮ್ಮ ಏರಿಯಾದಲ್ಲಿ ಒಳ್ಳೇ ಸೈಡರ್ ಟ್ಯಾಪ್‌ರೂಮ್ ಏನಾದ್ರೂ ಇದ್ಯಾ?" ಅಂದ.

ಸ್ಪೀಕರ್ ಆನ್ ಆಗಿತ್ತು. ಒಗ್ಗರಣೆ ಹಾಕುತ್ತಿದ್ದ ನನ್ನವಳು ಅಡುಗೆಮನೆಯಿಂದಲೇ, "ಸೈಡಿಗೆ ಯಾಕೆ, ಬಚ್ಚಲಲ್ಲೇ ಟ್ಯಾಪ್ ಇದೆ. ಮೆಟ್ರೋ ವಾಟರ್ ಬೆಳಿಗ್ಗೆ ಆರಕ್ಕೆ ಬರತ್ತೆ, ಏಳರೊಳಗೆ ಸ್ನಾನ ಮುಗಿಸ್ಕೋಬೇಕು ಅನ್ನಿ" ಎಂದು ಕೂಗಿದಳು.

ಅವನು ಸಮಾಧಾನದಿಂದ ಬಿಡಿಸಿ ಹೇಳಿದ. ಸೈಡರ್ ಅಂದರೆ ಸೇಬಿನ ರಸವನ್ನು ಹುಳಿಯಲು ಬಿಟ್ಟು ಮಾಡಿದ್ದು. ಬೀರಿನಷ್ಟೇ ಅಮಲು, ಆದರೆ ಬೀರಲ್ಲ. ಮೊಹಲ್ಲಾದಲ್ಲಿ ಯಾರೋ ಒಬ್ಬ ಸಣ್ಣ ಪ್ರಮಾಣದಲ್ಲಿ ಅದನ್ನು ತಯಾರಿಸುತ್ತಾನೆ. ಹಿಂದುಗಡೆ ಪೀಪಾಯಿ, ಮುಂದುಗಡೆ ಹಜಾರ, ನಡುವೆ ಒಂದು ಸಾಲು ನಲ್ಲಿ. ತಿರುಗಿಸಿದರೆ ಬರುತ್ತದೆ. ಜನ ಬಂದು ಬೆಂಚಿನ ಮೇಲೆ ಕೂತು, ಮಾಡಿದವನನ್ನೇ ಮಾತಾಡಿಸುತ್ತ ಕುಡಿಯುತ್ತಾರೆ. ಹೊರದೇಶದಲ್ಲಿದ್ದಾಗ ಅವನಿಗೆ ಅದರ ರುಚಿ ಹತ್ತಿದೆ. ಇಂದಿರಾನಗರದ ಅವನ ಮನೆಯಿಂದ ಕಲ್ಲೆಸೆದರೆ ಬೀರು ಕಾಯಿಸುವ ಹಂಡೆಗೇ ತಾಗುವಷ್ಟು ಅನುಕೂಲ ಇರುವುದರಿಂದ, ಎಲ್ಲ ಊರುಗಳಲ್ಲೂ ಹಾಗೇ ಇರುತ್ತದೆಂಬ ನಂಬಿಕೆ.

"ಟ್ಯಾಪ್‌ರೂಮ್ ಅಂದ್ರೆ ನಲ್ಲಿಮನೆ ಅಂತಾಯ್ತು" ಎಂದೆ. ಆ ಮಾತು ಅವನಿಗೆ ಹಿಡಿಸಿತು. "ಹಾಗಾದ್ರೆ ನಿಮ್ಮ ನಲ್ಲಿಮನೆ ಎಲ್ಲಿ ಮಾವ?"

ನನ್ನ ನಲ್ಲಿಮನೆ! ಮೈಲಾಪುರದಲ್ಲಿ, ಕಪಾಲೀಶ್ವರನ ಗೋಪುರದ ನೆರಳು ಬೀಳುವಷ್ಟು ಹತ್ತಿರ ಮನೆ ಮಾಡಿಕೊಂಡಿರುವ ನಿವೃತ್ತ ಬ್ಯಾಂಕ್ ಗುಮಾಸ್ತನಿಗೆ ಕೇಳುವ ಪ್ರಶ್ನೆಯೇ ಇದು? ನಾನು ಕುಡಿಯುವವನಲ್ಲ. ಕುಡಿಯುವವರ ಮೇಲೆ ಸಿಟ್ಟೂ ಇಲ್ಲ. ಹಾಗಿದ್ದೂ ಈ ಊರಿನಲ್ಲಿ ನನಗೆ ಒಂದಷ್ಟು ಕಾಲ ದೊಡ್ಡ ಕುಡುಕನೆಂಬ ಕೀರ್ತಿ ಇತ್ತು.

1984ರಲ್ಲಿ ತಿಪಟೂರಿನಿಂದ ವರ್ಗವಾಗಿ ಬಂದಾಗ ನನ್ನ ತಮಿಳು ಬಸ್ಸಿನ ನಂಬರ್ ಓದುವಷ್ಟು ಮಾತ್ರ. ಮನೆಯ ಮುಂದೊಂದು ಕೈಪಂಪು. ಆಗಿನ ಮದರಾಸಿನಲ್ಲಿ ನೀರೆಂದರೆ ತೋಳಿನ ಬಲ. ಒಂದು ದಿನ ಊಟದ ಹೊತ್ತಿನಲ್ಲಿ ಸಹೋದ್ಯೋಗಿಯೊಬ್ಬರು ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಸಾರ್, ನೀಂಗ ತಣ್ಣಿ ಅಡಿಪ್ಪೀಂಗಳಾ?" ಎಂದರು. ತಣ್ಣಿ ಎಂದರೆ ನೀರು ಎಂದು ಗೊತ್ತಿತ್ತು. ಅಡಿಕ್ಕಿರದು ಎಂದರೆ ಪಂಪು ಹೊಡೆಯುವುದು ಎಂದೂ ಗೊತ್ತಿತ್ತು. "ದಿನಾ ಎರಡು ಹೊತ್ತು. ಭಾನುವಾರ ಸ್ವಲ್ಪ ಜಾಸ್ತಿ. ನನಗೆ ಸುಸ್ತಾದರೆ ಮನೆಯವಳು ಕೈ ಹಾಕ್ತಾಳೆ" ಎಂದೆ. ಅವರ ಕಣ್ಣಲ್ಲಿ ಮೂಡಿದ ಗೌರವವನ್ನು ನಾನು ಕನ್ನಡಿಗರ ಕಷ್ಟಸಹಿಷ್ಣುತೆಗೆ ಸಂದ ಮನ್ನಣೆ ಎಂದುಕೊಂಡೆ. ತಿಂಗಳ ಕೊನೆಗೆ ನನ್ನನ್ನೊಂದು ಮಹಡಿ ಕೋಣೆಗೆ ಕರೆದುಕೊಂಡು ಹೋಗಿ, ಮುಖ್ಯ ಅತಿಥಿಯ ಕುರ್ಚಿಯಲ್ಲಿ ಕೂರಿಸಿ, ಗ್ಲಾಸು ಮುಂದಿಟ್ಟಾಗಲೇ ತಮಿಳರ ತಣ್ಣಿಗೆ ಇನ್ನೊಂದು ಅರ್ಥವಿದೆ ಎಂದು ತಿಳಿದದ್ದು. ಅವತ್ತು ನಾನು ಕುಡಿದದ್ದು ಬೋವಂಟೋ. ದ್ರಾಕ್ಷಿ ವಾಸನೆಯ ಆ ಕಪ್ಪು ಪಾನೀಯವನ್ನು ಮಾಡುವ ಕಾಳಿಮಾರ್ಕ್ ಕಂಪನಿ 1916ರಲ್ಲಿ ವಿರುದುನಗರದಲ್ಲಿ ಹುಟ್ಟಿದ್ದು. ಗ್ಲಾಸಿನಲ್ಲಿ ದೂರದಿಂದ ಅದು ರಮ್ಮಿನಂತೆಯೇ ಕಾಣುತ್ತಿದ್ದುದರಿಂದ ಮರ್ಯಾದೆ ಅರ್ಧದಷ್ಟು ಉಳಿಯಿತು.

ಈ ನಾಡಿಗೂ ಆ ಇನ್ನೊಂದು ತಣ್ಣಿಗೂ ಇರುವ ಸಂಬಂಧ ಒಳ್ಳೆಯ ಸೀರಿಯಲ್ಲಿಗೆ ಆಗುವಂಥದ್ದು. 1937ರ ಅಕ್ಟೋಬರ್ ಒಂದರಂದು ರಾಜಾಜಿ ತಮ್ಮ ಸೇಲಂ ಜಿಲ್ಲೆಯಿಂದ ಪಾನನಿಷೇಧ ಶುರುಮಾಡಿದರು. 1948ರ ಹೊತ್ತಿಗೆ ಇಡೀ ಮದರಾಸು ಪ್ರಾಂತ್ಯವೇ ಒಣಗಿತು. 1971ರಲ್ಲಿ ಕರುಣಾನಿಧಿ ಬೀಗ ತೆಗೆದರು, 1974ರಲ್ಲಿ ಅವರೇ ಹಾಕಿದರು. ಎಂಜಿಆರ್ ಕಾಲದಲ್ಲಿ ಮತ್ತೆ ತೆರೆಯಿತು. 1983ರಲ್ಲಿ ಸಗಟು ವ್ಯಾಪಾರಕ್ಕೆಂದು ಟಾಸ್ಮಾಕ್ ಎಂಬ ಸರ್ಕಾರಿ ನಿಗಮ ಹುಟ್ಟಿತು. 2003ರಿಂದ ಚಿಲ್ಲರೆ ಅಂಗಡಿಯೂ ಸರ್ಕಾರದ್ದೇ. ಈಗ ಕಬ್ಬಿಣದ ಗ್ರಿಲ್ಲಿನ ಕಿಂಡಿಯೊಳಗೆ ಕೈ ತೂರಿಸಿ, ಬಾಟಲಿ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಹೊರಡುವುದು ಪದ್ಧತಿ. ಮಾಡಿದವನ ಜೊತೆ ಮಾತಾಡುತ್ತ ಕೂತು ಕುಡಿಯುವುದು ದೂರ ಉಳಿಯಿತು, ಮಾರುವವನ ಮುಖವೂ ಪೂರ್ತಿ ಕಾಣುವುದಿಲ್ಲ. ರೇಷನ್ ಅಂಗಡಿಗೂ ಇದಕ್ಕಿಂತ ಹೆಚ್ಚು ಕಳೆ ಇರುತ್ತದೆ.

ಹಾಗಂತ ನಮ್ಮ ಬೀದಿಯಲ್ಲಿ ಹುಳಿಸುವವರೇ ಇಲ್ಲವೆಂದಲ್ಲ. ಮೂಲೆಯಲ್ಲೊಂದು ಅಂಗಡಿಯಲ್ಲಿ 'ಮಾವು' ಎಂಬ ಬೋರ್ಡು ನೇತಾಡುತ್ತದೆ. ಬಂದ ಹೊಸತರಲ್ಲಿ ಎರಡು ಕಿಲೋ ಕೇಳಿ, ರಸಪೂರಿಯ ಕನಸು ಕಾಣುತ್ತ ನಿಂತಿದ್ದೆ. ಕೈಗೆ ಬಂದದ್ದು ದೋಸೆಹಿಟ್ಟಿನ ಪೊಟ್ಟಣ. ಹಿಟ್ಟಿಗೆ ತಮಿಳಿನಲ್ಲಿ ಮಾವು. ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ ಆ ಪೊಟ್ಟಣ ಮನೆ ತಲುಪುವ ಮೊದಲೇ ಉಬ್ಬಿ, ಬ್ಯಾಗಿನಲ್ಲಿ ಉಸಿರಾಡತೊಡಗುತ್ತದೆ. ಸೇಬಿನ ರಸದಲ್ಲಿ ಉಬ್ಬುವುದೂ ಇದೇ ಗಾಳಿ. ಹುಳಿಯುವಾಗ ಅಲ್ಲಿ ಸಕ್ಕರೆ ಅಮಲಾಗುತ್ತದೆ, ಜೊತೆಗೆ ಇಂಗಾಲಾಮ್ಲ ಬಿಡುಗಡೆಯಾಗುತ್ತದೆ. ನಮ್ಮ ದೋಸೆಗೆ ಗಾಳಿ ಮಾತ್ರ ಸಾಕು, ಅಮಲಿನ ಕೆಲಸವನ್ನು ಚಟ್ನಿ ನೋಡಿಕೊಳ್ಳುತ್ತದೆ. ಈ ಗಾಳಿಯ ವಿಷಯವನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಶನಿವಾರ ಬೆಳಿಗ್ಗೆ ಗಂಡಹೆಂಡಿರು ಬಂದಿಳಿದರು. ಆರರ ನೀರು ತಪ್ಪಿಹೋಗಿ ಡ್ರಮ್ಮಿನ ನೀರಿನಲ್ಲಿ ಸ್ನಾನವಾಯಿತು. ತಿಂಡಿಯಾದ ಮೇಲೆ ಅವನು ಬ್ಯಾಗಿನಿಂದ ಬಹಳ ಜೋಪಾನವಾಗಿ ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟ. ಕಂಪನಿ ಕೆಲಸದ ಮೇಲೆ ಜಪಾನಿಗೆ ಹೋಗಿದ್ದನಂತೆ, ಅಲ್ಲಿಂದ ತಂದ ಉಡುಗೊರೆ. ಬಿಚ್ಚಿದರೆ ಒಂದು ಬಾಟಲಿ; ಕತ್ತಿನಲ್ಲಿ ಗೋಲಿ. "ರಾಮುನೆ ಅಂತ ಮಾವ. ಜಪಾನೀಸ್ ಡಿಸೈನ್ ಹೇಗಿದೆ ನೋಡಿ, ಗೋಲೀನೇ ಮುಚ್ಚಳ!"

ನನ್ನವಳು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ನಾನು ಮಾತಾಡಲಿಲ್ಲ. ಅವನೇ ಮುಂದುವರಿದು, "ಅಲ್ಲಿ ಇನ್ನೊಂದು ತಮಾಷೆ. ಸೈಡರ್ ಅಂತ ಬೋರ್ಡ್ ನೋಡಿ ಖುಷಿಯಾಗಿ ತಗೊಂಡೆ, ಬರೀ ಸಿಹಿ ಸೋಡಾ. ಸೇಬೂ ಇಲ್ಲ, ಕಿಕ್ಕೂ ಇಲ್ಲ" ಎಂದ. ಅದು ನಿಜ. ಜಪಾನಿನಲ್ಲೂ ಕೊರಿಯಾದಲ್ಲೂ ಸೈಡರ್ ಎಂದರೆ ಬಣ್ಣವಿಲ್ಲದ ಸಿಹಿ ಸೋಡಾ. ಕೊರಿಯಾದ ಚಿಲ್ಸುಂಗ್ ಸೈಡರ್ 1950ರಿಂದ ಆ ಹೆಸರಿನಲ್ಲೇ ಇದೆ.

ಇದನ್ನು ಕೇಳಿದ್ದೇ ನನಗೆ ದಾರಿ ಸಿಕ್ಕಿತು. "ಹಾಗಾದ್ರೆ ಸಂಜೆ ನನ್ನ ಸೈಡರ್ ಮನೆಗೆ ಕರಕೊಂಡು ಹೋಗ್ತೀನಿ ಬಾ" ಎಂದೆ.

ಬಿಸಿಲು ಇಳಿದ ಮೇಲೆ ಹೊರಟೆವು. ಮೊದಲ ನಿಲುಗಡೆ ಮಾಡ ಬೀದಿಯ ಕಾಳತ್ತಿ ನ್ಯೂಸ್ ಪೇಪರ್ ಮಾರ್ಟ್. ಹೆಸರಿಗೆ ಪತ್ರಿಕೆ ಅಂಗಡಿ, ಹೆಸರು ಬಂದದ್ದು ರೋಸ್‌ಮಿಲ್ಕಿನಿಂದ. 1927ರ ಅಂಗಡಿ. ಕಾಳತ್ತಿ ಎಂದರೆ ತಮಿಳರ ಬಾಯಲ್ಲಿ ನಮ್ಮ ಕಾಳಹಸ್ತಿ. ಹಾಗಾಗಿ ಆ ಬೋರ್ಡು ನೋಡಿದಾಗಲೆಲ್ಲ ನನಗೆ ಬೇಡರ ಕಣ್ಣಪ್ಪನ ನೆನಪು. ರಾಜಕುಮಾರರು ಆ ಪಾತ್ರದಿಂದ ನಾಯಕನಟರಾದದ್ದು 1954ರಲ್ಲಿ, ಕನ್ನಡ ಸಿನಿಮಾ ಇದೇ ಮದರಾಸಿನ ಸ್ಟುಡಿಯೋಗಳಲ್ಲಿ ಮೈದಾಳುತ್ತಿದ್ದ ಕಾಲ. ಪಂಗುನಿ ತಿಂಗಳಲ್ಲಿ ಅರುವತ್ತುಮೂವರ ಉತ್ಸವ ಈ ಬೀದಿಗಳಲ್ಲೇ ಹೊರಡುತ್ತದೆ. ಆ ಅರವತ್ತಮೂರರಲ್ಲಿ ನಮ್ಮ ಕಣ್ಣಪ್ಪನೂ ಒಬ್ಬ. ಅವತ್ತು ಬೀದಿಯುದ್ದಕ್ಕೂ ನೀರುಮಜ್ಜಿಗೆ, ಪಾನಕ ಹಂಚುತ್ತಾರೆ. ನಲ್ಲಿ ಇರುವ ಸ್ಟೀಲ್ ಡ್ರಮ್ಮಿನ ಮುಂದೆ ಜನ ಲೋಟ ಹಿಡಿದು ನಿಂತಿರುತ್ತಾರೆ. ಟ್ಯಾಪ್‌ರೂಮ್ ಎಂಬುದು ವರ್ಷಕ್ಕೊಂದು ದಿನವಾದರೂ ಮೈಲಾಪುರದಲ್ಲಿ ಇದೆ, ಬಿಲ್ ಕೊಡುವುದಿಲ್ಲ ಅಷ್ಟೆ.

ರೋಸ್‌ಮಿಲ್ಕಿನ ಬಗ್ಗೆ ಹೆಚ್ಚು ಹೇಳಲಾರೆ. ತಣ್ಣಗಿರುತ್ತದೆ, ಗುಲಾಬಿ ಬಣ್ಣಕ್ಕಿರುತ್ತದೆ, ಅದನ್ನು ಕುಡಿಯುವಾಗ ಎಪ್ಪತ್ತರ ಮುದುಕರಿಗೂ ಮೀಸೆ ಮೂಡುತ್ತದೆ. ಕೂರಲು ಕುರ್ಚಿಯಿಲ್ಲ. ಬೀದಿಯ ಅಂಚಿನಲ್ಲಿ ನಿಂತು, ಹೋಗುವ ಆಟೋಗಳಿಗೆ ಬೆನ್ನು ಉಜ್ಜಿಕೊಳ್ಳುತ್ತ ಕುಡಿಯಬೇಕು.

"ಕೂರೋಕ್ಕೇ ಜಾಗ ಇಲ್ವಲ್ಲ" ಎಂದ ಅಳಿಯ. ಕೂರುವ ಜಾಗವನ್ನು ಈ ಊರಿಗೆ ಕೊಟ್ಟದ್ದೇ ನಮ್ಮವರು ಎಂದೆ ನಾನು, ಸ್ವಲ್ಪ ಎದೆ ಉಬ್ಬಿಸಿ. ಉಡುಪಿ ಕಡೆಯ ಕಡಂದಲೆ ಕೃಷ್ಣರಾಯರ ವುಡ್‌ಲ್ಯಾಂಡ್ಸ್, ಸೀತಾರಾಮರಾಯರ ದಾಸಪ್ರಕಾಶ. ಅದರಲ್ಲೂ ಕ್ಯಾಥೆಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ಇತ್ತಲ್ಲ, 1962ರಲ್ಲಿ ಶುರುವಾದದ್ದು, ಅಲ್ಲಿ ಒಂದು ಕಾಫಿಗೆ ಮೂರು ಗಂಟೆ ಮರದ ನೆರಳಿನಲ್ಲಿ ಕೂರಬಹುದಿತ್ತು. ನನ್ನ ಮೂರು ಸಂಬಳ ಪರಿಷ್ಕರಣೆಗಳ ಚರ್ಚೆ ಅಲ್ಲೇ ಮುಗಿದದ್ದು. 2008ರಲ್ಲಿ ಮುಚ್ಚಿ, ಈಗ ಆ ಜಾಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ. ಟಿಕೆಟ್ ತೆಗೆದುಕೊಂಡರೆ ಈಗಲೂ ಕೂರಬಹುದು. ಕಾಫಿ ತರುವವನಿಗಾಗಿ ಕಾಯುತ್ತ ಕೂರುವ ಸುಖ ಮಾತ್ರ ಇಲ್ಲ.

ಅಲ್ಲಿಂದ ಎರಡು ತಿರುವು ದಾಟಿದರೆ ಅಣ್ಣಾಚ್ಚಿಯ ಸೋಡಾ ಅಂಗಡಿ. ಇದೇ ನನ್ನ ನಿಜವಾದ ನಲ್ಲಿಮನೆ. ಅಗಲ ಆರಡಿ. ತಿರುನೆಲ್ವೇಲಿ ಕಡೆಯಿಂದ ಬಂದು ಅಂಗಡಿ ಇಟ್ಟವರನ್ನೆಲ್ಲ ಇಲ್ಲಿ ಅಣ್ಣಾಚ್ಚಿ ಎನ್ನುತ್ತಾರೆ, ಇವನೂ ಅಣ್ಣಾಚ್ಚಿ. ಮುಂದೆ ಹಲಗೆ, ಅದರ ಮೇಲೆ ನಿಂಬೆಹಣ್ಣಿನ ಬುಟ್ಟಿ, ಉಪ್ಪಿನ ಡಬ್ಬಿ. ಗೋಡೆಗೆ ಮುರುಗನ ಪಟ, ಕೆಳಗೊಂದು ಸಣ್ಣ ಷೆಲ್ಫು. ಹಿಂದೆ ಕಾರ್ಖಾನೆ: ಒಂದು ಗ್ಯಾಸ್ ಸಿಲಿಂಡರು, ಒಂದು ಮೀಟರು, ಮತ್ತು ಅಪ್ಪನ ಕಾಲದ್ದೆಂದು ಅವನು ಹೇಳುವ ಎರಕದ ಯಂತ್ರ.

ಈ ಯಂತ್ರವನ್ನು ನಾನು ಎಷ್ಟು ಸಲ ನೋಡಿದ್ದರೂ ಸಾಲದು. ಹೊರಗಡೆ ಎರಡು ಬಾಟಲಿ ಮಲಗಿಸುವ ತೊಟ್ಟಿಲು, ಪಕ್ಕದಲ್ಲಿ ಹಿಡಿ. ಬಾಟಲಿಗೆ ಮೊದಲು ಪಾಕ, ಆಮೇಲೆ ತಣ್ಣೀರು. ತೊಟ್ಟಿಲಲ್ಲಿ ಮಲಗಿಸಿ, ಬಾಯಿಗೆ ಕೊಳವೆ ಕೂರಿಸಿ, ಗ್ಯಾಸ್ ಬಿಟ್ಟು ಹಿಡಿ ತಿರುಗಿಸುತ್ತಾನೆ. ಬಾಟಲಿಗಳು ಲಾಗ ಹಾಕುತ್ತವೆ. ಗಾಳಿ ನೀರಿನೊಳಗೆ ಇಳಿಯುತ್ತದೆ. ತಲೆಕೆಳಗಾದ ಗಳಿಗೆಯಲ್ಲಿ ಕೊಳವೆ ಸರಿಸಿದರೆ, ಕತ್ತಿಗೆ ಉರುಳಿದ ಗೋಲಿಯನ್ನು ಒಳಗಿನ ಒತ್ತಡವೇ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಟಕ್. ಆ ಒಂದು ಸದ್ದು ಬಂತೆಂದರೆ ಆಯಿತು. ಮುಚ್ಚಳವಿಲ್ಲ, ಬಿರಡೆಯಿಲ್ಲ, ಒಳಗಿರುವ ಕಳ್ಳನೇ ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಹಾಗೆ.

"ಇದು ಯಾವ ದೇಶದ ಡಿಸೈನ್ ಗೊತ್ತಾ?" ಎಂದು ಅಳಿಯನನ್ನು ಕೇಳಿದೆ. ಹೈರಮ್ ಕಾಡ್ ಎಂಬ ಇಂಗ್ಲಿಷಿನವನದು, 1872ರ ಪೇಟೆಂಟು. ಆಸಾಮಿ ಅದಕ್ಕೆ ಮುಂಚೆ ಬಿರಡೆ ಮಾರುವ ಕಂಪನಿಯಲ್ಲಿ ಏಜೆಂಟಾಗಿದ್ದವನು. ಊರೂರು ಬಿರಡೆ ಮಾರಿ ಬೇಸತ್ತು ಬಿರಡೆಯೇ ಬೇಡದ ಬಾಟಲಿ ಕಂಡುಹಿಡಿದ. ಮೂವತ್ತು ವರ್ಷ ಸರ್ಕ್ಯುಲರ್ ಓದಿದ ನನಗೆ ಆ ಮನಸ್ಥಿತಿ ಚೆನ್ನಾಗಿ ಅರ್ಥವಾಗುತ್ತದೆ. ಅದೇ ಬಾಟಲಿ ಜಪಾನಿಗೂ ಹೋಯಿತು. ಕೋಬೆ ಪಟ್ಟಣದಲ್ಲಿ ಸ್ಕಾಟ್ಲೆಂಡಿನ ಒಬ್ಬ ಔಷಧಿ ಅಂಗಡಿಯವನು 1884ರಲ್ಲಿ ಲೆಮನೇಡ್ ಮಾರಲು ಶುರುಮಾಡಿದ, ಜಪಾನಿಯರ ನಾಲಿಗೆಯಲ್ಲಿ ಅದು ರಾಮುನೆ ಆಯಿತು. ಮಿಕ್ಕ ಲೋಕವೆಲ್ಲ ಈ ಬಾಟಲಿಯನ್ನು ಮರೆತರೂ ಅವರೂ ನಾವೂ ಬಿಟ್ಟಿಲ್ಲ.

ಇನ್ನು ಸೋಡಾದ ಹುಟ್ಟು. 1767ರಲ್ಲಿ ಇಂಗ್ಲೆಂಡಿನ ಲೀಡ್ಸಿನಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಇದ್ದ. ಪಕ್ಕದ ಮನೆಯಲ್ಲಿ ಬೀರು ಮಾಡುತ್ತಿದ್ದರು. ಹುಳಿಯುವ ಹಂಡೆಯ ಮೇಲೆ ನಿಂತಿರುತ್ತಿದ್ದ ಗಾಳಿಯ ಮೇಲೆ ಪಾದ್ರಿಗೆ ಕಣ್ಣು. ಅದರಲ್ಲಿ ನೀರಿಟ್ಟ, ನೀರಿಗೆ ಚುರುಕು ಬಂತು. ಅಕ್ಕಪಕ್ಕದವರ ಹಂಡೆಯಿಂದ ಹುಟ್ಟಿಯೂ ಅಮಲೇರದೆ ಉಳಿದ ಪಾನೀಯ ಸೋಡಾ. ಹೆಂಡದಂಗಡಿ ಪಕ್ಕದ ಮನೆಯಲ್ಲಿ ಬೆಳೆದ ವೈದಿಕರ ಹುಡುಗನ ಹಾಗೆ. ಸೇಬಿನ ಪೀಪಾಯಿಯಲ್ಲೂ ನಮ್ಮ ದೋಸೆಹಿಟ್ಟಿನಲ್ಲೂ ಏಳುವ ಅದೇ ಗಾಳಿ ಇಲ್ಲಿ ಸಿಲಿಂಡರಿನಿಂದ ಬರುತ್ತದೆ. "ಹಾಗಾಗಿ ನೀನು ಕೇಳಿದ್ದಕ್ಕೂ ನಾನು ಕೊಡಿಸ್ತಿರೋದಕ್ಕೂ ದಾಯಾದಿ ಸಂಬಂಧ" ಎಂದೆ. ಅಳಿಯ ವಾದ ಒಪ್ಪಿಕೊಂಡ ಮುಖ ಮಾಡಲಿಲ್ಲ, ಆದರೆ ಬಾಯಾರಿತ್ತು.

"ಎರಡು ಪನ್ನೀರ್ ಸೋಡಾ, ಒಂದು ನಿಂಬೆ" ಎಂದೆ. ಅವನ ಹೆಂಡತಿ ದಿಲ್ಲಿಯ ಹುಡುಗಿ. ಪನ್ನೀರ್ ಎಂಬುದು ಕಿವಿಗೆ ಬಿದ್ದದ್ದೇ ಗಾಬರಿಯಾಗಿ ಗಂಡನ ತೋಳು ಹಿಡಿದುಕೊಂಡಳು. ಸೋಡಾದಲ್ಲಿ ಪನೀರು ತುಂಡು ತೇಲುವ ದೃಶ್ಯ ಆಕೆಯ ಕಣ್ಣಲ್ಲೇ ಕಂಡಿತು. ಮದುವೆ ಮನೆ ಬಾಗಿಲಲ್ಲಿ ಚಿಮುಕಿಸುವ ಪನ್ನೀರಮ್ಮ, ಗುಲಾಬಿ ನೀರು, ಎಂದು ಸಮಾಧಾನ ಮಾಡಿದೆ. ಬಾಟಲಿ ಕೈಗೆ ಬಂದ ಕೂಡಲೇ ಅವಳ ಮುಖ ಅರಳಿತು. "ಅರೇ, ಬಂಟಾ!" ದಿಲ್ಲಿಯಲ್ಲಿ ಇದಕ್ಕೆ ಅದೇ ಹೆಸರು. ಅಣ್ಣಾಚ್ಚಿ ಹೆಬ್ಬೆರಳಿನಿಂದ ಮರದ ಒತ್ತುಗುಂಡಿ ಒತ್ತಿದ. ಕೀಚ್ ಎಂದು ಗೋಲಿ ಇಳಿಯಿತು. ಅವಳು ಬಾಟಲಿ ಎತ್ತಿ ಅರ್ಧ ಮುಗಿಸಿದಳು.

ಎಂಜಿನಿಯರ್ ಅಳಿಯನದು ಬೇರೆ ಕಥೆ. ಬಾಟಲಿ ಎತ್ತುತ್ತಾನೆ, ಏನೂ ಬರುವುದಿಲ್ಲ. ಇಳಿಸುತ್ತಾನೆ, ನೊರೆ ಉಕ್ಕುತ್ತದೆ. ಎತ್ತಿದರೆ ಗೋಲಿ ಉರುಳಿ ಬಂದು ಬಾಯಿ ಮುಚ್ಚುತ್ತದೆ. ಅಣ್ಣಾಚ್ಚಿ ತಾಳ್ಮೆಯಿಂದ ಬಾಟಲಿಯನ್ನು ಅವನ ಕೈಯಲ್ಲೇ ಅರ್ಧ ಸುತ್ತು ತಿರುಗಿಸಿದ. ಕತ್ತಿನ ಒಂದು ಮಗ್ಗುಲಲ್ಲಿ ಗಾಜನ್ನು ಎರಡು ಕಡೆ ಒಳಕ್ಕೆ ಚಿವುಟಿರುತ್ತಾರೆ. ಆ ಚಿವುಟು ಕೆಳಗಿರುವ ಹಾಗೆ ಹಿಡಿದರೆ ಗೋಲಿ ಅಲ್ಲೇ ತಡೆದು ನಿಲ್ಲುತ್ತದೆ, ಸೋಡಾ ದಾರಿ ಬಿಡಿಸಿಕೊಂಡು ಬರುತ್ತದೆ. ನಾಲ್ಕನೇ ಕ್ಲಾಸಿನ ಹುಡುಗರಿಗೆಲ್ಲ ಗೊತ್ತಿದ್ದ ವಿದ್ಯೆ.

ನನಗೂ ಗೊತ್ತಿತ್ತು. ನನಗೆ ಬೇಕಿದ್ದದ್ದು ಸೋಡಾ ಅಲ್ಲ, ಗೋಲಿ. ಊರ ಜಾತ್ರೆಯಲ್ಲಿ ಒಂದು ಖಾಲಿ ಬಾಟಲಿಯನ್ನು ಚಡ್ಡಿಯೊಳಗೆ ಸಿಕ್ಕಿಸಿಕೊಂಡು ಓಡಿ, ದೇವಸ್ಥಾನದ ಹಿಂದಿನ ಬಂಡೆಗೆ ಬಡಿದು, ಗೋಲಿ ಗೆದ್ದುಕೊಂಡೆ. ಮಾರನೆಯ ದಿನ ಅದನ್ನೇ ಹಿಡಿದು ಆಡಿದೆ, ಅದೂ ಸೋಡಾದವನ ಮಗನ ಜೊತೆ. ಒಳಗೆ ಹೂವಿಲ್ಲದ, ತಿಳಿಹಸಿರು ಗೋಲಿ ಇಡೀ ಊರಿನಲ್ಲಿ ಇನ್ಯಾರ ಹತ್ತಿರ ಇರಲು ಸಾಧ್ಯ? ಸಂಜೆ ಅಪ್ಪ ಬಾಟಲಿಯ ದುಡ್ಡನ್ನೂ ನನಗೆ ಏಟನ್ನೂ ಒಟ್ಟಿಗೇ ತೀರಿಸಿದರು.

ಆ ಸೋಡಾದವನ ಸಂಕಟ ನನಗೆ ತಿಳಿದದ್ದು ಈ ಅಣ್ಣಾಚ್ಚಿಯಿಂದ. ಈಗ ಹೊಸ ಗೋಲಿ ಬಾಟಲಿ ಬೇಕೆಂದರೆ ಉತ್ತರ ಪ್ರದೇಶದ ಸಾಸ್ನಿಯ ಗಾಜಿನ ಕಾರ್ಖಾನೆಯಿಂದ ಬರಬೇಕು. ಒಳಗಿನ ಸೋಡಾಕ್ಕಿಂತ ಹೊರಗಿನ ಬಾಟಲಿ ಎಷ್ಟೋ ಪಾಲು ತುಟ್ಟಿ. ಬೀದಿ ಜಗಳಗಳಲ್ಲಿ ಇದೇ ಬಾಟಲಿ ಹಾರಾಡುತ್ತಿದ್ದ ಕಾಲವೂ ಇತ್ತು. ಜಗಳಕ್ಕಿಂತ ಬಾಟಲಿ ಒಡೆದದ್ದೇ ಅವನಪ್ಪನಿಗೆ ಹೊಟ್ಟೆಯುರಿ. ದೊಡ್ಡ ಕಂಪನಿಗಳ ಕೋಲಾ ಬಂದಮೇಲೆ ಯಂತ್ರಕ್ಕೆ ಗೋಣಿ ಹೊದಿಸಿಟ್ಟಿದ್ದನಂತೆ. 2017ರಲ್ಲಿ ಜಲ್ಲಿಕಟ್ಟು ಚಳವಳಿಯ ಬೆನ್ನಿಗೇ ತಮಿಳುನಾಡಿನ ವರ್ತಕರ ಸಂಘಗಳು ಮಾರ್ಚ್ ಒಂದರಿಂದ ಕೋಕ್, ಪೆಪ್ಸಿ ಮಾರುವುದಿಲ್ಲ ಎಂದು ಕೂತವಲ್ಲ, ಆಗ ಗೋಣಿ ತೆಗೆದ. ಆ ಸಿಟ್ಟು ಇಳಿಯಿತು, ಕೋಲಾ ವಾಪಸ್ ಬಂತು, ಯಂತ್ರ ಮಾತ್ರ ತಿರುಗುತ್ತಲೇ ಇದೆ.

ಬಾಟಲಿ ತುಟ್ಟಿಯಾದ್ದರಿಂದ ಅದನ್ನು ಯಾರೂ ಕೊಂಡುಹೋಗುವಂತಿಲ್ಲ. ಕುಡಿದು ಮುಗಿಸುವವರೆಗೆ ಅಲ್ಲೇ ನಿಲ್ಲಬೇಕು. ನಿಂತವರು ಎಷ್ಟು ಹೊತ್ತು ಸುಮ್ಮನಿರುತ್ತಾರೆ? ಹೀಗೆ ಬಾಟಲಿ ವಾಪಸ್ಸು ಕೊಡಲು ಕಾಯುತ್ತ ನಿಂತೇ ನಾನು ತಮಿಳು ಕಲಿತದ್ದು. ಮನೆ ಬಾಡಿಗೆ ಸಿಕ್ಕಿದ್ದು, ಮಗಳಿಗೆ ಲೆಕ್ಕದ ಮೇಷ್ಟ್ರು ಸಿಕ್ಕಿದ್ದು, ಟಿ. ನಗರದ ಕರ್ನಾಟಕ ಸಂಘಕ್ಕೆ ಹೋಗುವ ಬಸ್ಸು ಯಾವುದೆಂದು ತಿಳಿದದ್ದು, ಎಲ್ಲ ಈ ಹಲಗೆಯ ಮುಂದೆ. ಈಚೆಗೆ ಟಾಸ್ಮಾಕಿನವರೂ 2022ರಲ್ಲಿ ನೀಲಗಿರಿಯಿಂದ ಶುರುಮಾಡಿ, ಬಾಟಲಿಗೆ ಹತ್ತು ರೂಪಾಯಿ ಹೆಚ್ಚಿಗೆ ಹಿಡಿದು, ಖಾಲಿ ತಂದುಕೊಟ್ಟರೆ ಮರಳಿಸುವ ಏರ್ಪಾಡು ಮಾಡಿದ್ದಾರೆ. ಕಾಡಿನಲ್ಲಿ ಬಿದ್ದ ಗಾಜು ಆನೆಯ ಕಾಲಿಗೆ ಚುಚ್ಚಬಾರದೆಂದು ಹೈಕೋರ್ಟು ಹೇಳಬೇಕಾಯಿತು. ಅಣ್ಣಾಚ್ಚಿಗೆ ಕೋರ್ಟಿನ ಆರ್ಡರು ಬೇಕಿಲ್ಲ, ಕಣ್ಣಿದೆ.

ಅಳಿಯ ಜೋಳಿಗೆಯಿಂದ ಜಪಾನಿನ ಬಾಟಲಿ ತೆಗೆದು ಹಲಗೆಯ ಮೇಲಿಟ್ಟ. ಮಧ್ಯಾಹ್ನವೇ ನಾವದನ್ನು ಕುಡಿದು ಮುಗಿಸಿದ್ದೆವು. ಅಣ್ಣಾಚ್ಚಿ ಕೈ ಒರೆಸಿಕೊಂಡು, ಅಕ್ಕಸಾಲಿಗ ಒಡವೆ ನೋಡುವ ಹಾಗೆ ಬೆಳಕಿಗೆ ಹಿಡಿದ. ಗೋಲಿ ಅಲ್ಲಾಡಿಸಿದ. ಗಾಜಿನ ನುಣುಪು ಮೆಚ್ಚಿದ. ಬಾಯಿಯ ಹತ್ತಿರದ ಪ್ಲಾಸ್ಟಿಕ್ಕನ್ನು ಉಗುರಿನಿಂದ ಕೆರೆದು, "ತಿರುಪ್ಪಿ ರೊಪ್ಪ ಮುಡಿಯಾದಾ?" ಎಂದ. ಮತ್ತೆ ತುಂಬುವುದಕ್ಕೆ ಆಗುವುದಿಲ್ಲವಾ?

ಇಲ್ಲ, ಒಂದೇ ಸಲ, ಎಂದ ಅಳಿಯ.

"ಪಾವಂ" ಎಂದು ಅಣ್ಣಾಚ್ಚಿ ಅದನ್ನು ಮುರುಗನ ಪಟದ ಕೆಳಗಿನ ಷೆಲ್ಫಿನ ಮೇಲೆ ನಿಲ್ಲಿಸಿದ. ಸಾಯಂಕಾಲದ ಊದುಬತ್ತಿಗೆ ಒಂದು ಗೂಡು ಸಿಕ್ಕಂತಾಯಿತು.

ಅಷ್ಟರಲ್ಲಿ ಅಳಿಯನ ಫೋನ್ ಬಡಿದುಕೊಂಡಿತು, ಬೆಂಗಳೂರಿನ ಯಾರೋ ಗೆಳೆಯ. "ಇಲ್ಲಿ ಮಾವನ ಟ್ಯಾಪ್‌ರೂಮಲ್ಲಿದೀನಿ ಕಣೋ" ಎನ್ನುತ್ತ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮುಕ್ಕಾಲು ಮುಗಿದ ನಿಂಬೆ ಸೋಡಾ ಹಿಡಿದು ಮಾತಿನ ಗುಂಗಿನಲ್ಲಿ ಹೆಜ್ಜೆ ಹಾಕುತ್ತ ಬೀದಿಯ ತುದಿಯವರೆಗೆ ಹೋಗಿಬಿಟ್ಟ. ಗಲ್ಲಾದಲ್ಲಿ ಚಿಲ್ಲರೆ ಹುಡುಕುತ್ತಿದ್ದ ಅಣ್ಣಾಚ್ಚಿ ತಲೆ ಎತ್ತಲಿಲ್ಲ. ದನಿ ಮಾತ್ರ ಇಡೀ ಬೀದಿಗೆ ಕೇಳಿಸಿತು.

"ತಂಬೀ! ಬಾಟಲ್!"